ಒಂಬತ್ತನೇ ಮನೆ

ಎಂಟು ಮನೆಗಳನ್ನು ಹೆಗಲ ಮೇಲೆ ಹೊತ್ತು ಸಾಗಿಸಿಯಾಗಿತ್ತು. ಉಳಿದದ್ದು ಒಂದು. ಅದು ದಾಲ್ಮಾಸಿಯೋನದು.

ಭಾನುವಾರ ಬೆಳಿಗ್ಗೆ ಅವನ ಹೆಂಡತಿ ನಿಂಫಾ ಕೊಬ್ಬರಿ ಎಣ್ಣೆ ಹಚ್ಚಿ ಹಚ್ಚಿ ಅವನ ಅಂಗಿಯನ್ನು ಹೆಗಲಿನಿಂದ ಬಿಡಿಸುತ್ತಿದ್ದಳು. ಮೂರು ದಿನ ಬೊಂಬು ಉಜ್ಜಿ ಚರ್ಮ ಸುಲಿದಿತ್ತು. ರಕ್ತ ಒಣಗಿ ಬಟ್ಟೆ ಮೈಗೆ ಅಂಟಿಕೊಂಡಿತ್ತು. ಅವನು ಹಲ್ಲು ಕಚ್ಚಿಕೊಂಡು ಕೂತಿದ್ದ. ಆದರೂ ಮುಖದಲ್ಲಿ ನಗು. ನಮ್ಮ ತಾಲಬಾಹಾನ್ ಗಂಡಸರು ಹಾಗೆಯೇ. ನೋವಾದರೆ ನಗುತ್ತಾರೆ. ಅವಮಾನವಾದರೆ ಇನ್ನೂ ಜೋರಾಗಿ ನಗುತ್ತಾರೆ. ದೊಡ್ಡ ಬಿರುಗಾಳಿ ಬಂದು ಎಲ್ಲರ ಚಾವಣಿ ಹಾರಿಹೋದ ವರ್ಷ ಮನಿಲಾದಿಂದ ಪತ್ರಿಕೆಯವರು ಬಂದು ನಮ್ಮ ನಗುವಿನ ಫೋಟೋ ತೆಗೆದುಕೊಂಡು ಹೋದರು. ಫೋಟೋ ಅಚ್ಚಾಯಿತು. ಅಕ್ಕಿ ಮಾತ್ರ ಬರಲಿಲ್ಲ.

"ಎಂಟು ಮನೆಯೋರನ್ನ ನೀನೇ ಹೊತ್ಕೊಂಡು ಹೋಗಿ ಗುಡ್ಡದ ಮೇಲೆ ಬಿಸಾಕಿ ಬಂದೆ" ಎಂದಳು ನಿಂಫಾ. "ಇವತ್ತು ನನ್ನೂ ಬಿಸಾಕು."

"ಸೆನ್ಯೋರ್‌ನಂಥ ಧಣಿ ಬಾಯಿಬಿಟ್ಟು ಕೇಳಿದ ಮೇಲೆ ಏನು ಮಾಡ್ಲಿ ಹೇಳು?"

"ಬೇಡ ಅನ್ನು."

ಅವನು ನಕ್ಕುಬಿಟ್ಟ. ಬೇಡ ಎಂಬ ಮಾತನ್ನು ದೊಡ್ಡವರ ಮುಖಕ್ಕೆ ಹೇಳಿದ ಒಬ್ಬನನ್ನಾದರೂ ಅವನು ಕಂಡಿರಲಿಲ್ಲ. ಅವನ ಅಪ್ಪ ಹೇಳಿರಲಿಲ್ಲ. ಅಜ್ಜ ಹೇಳಿರಲಿಲ್ಲ. ಸ್ಪೇನಿನವರು ಇದ್ದಾಗ ತಲೆ ತಗ್ಗಿಸಿದೆವು. ಅಮೆರಿಕದವರು ಬಂದಾಗ ಹಲ್ಲು ಕಿರಿದೆವು. ಅವರೆಲ್ಲ ಹೋಗಿ ನಮ್ಮವರೇ ಬಂದರು, ಅವರ ಮುಂದೆ ಎರಡನ್ನೂ ಮಾಡುತ್ತಿದ್ದೇವೆ.

ತಾಲಬಾಹಾನ್ ಎಂದರೆ ಸಮುದ್ರದ ಅಂಚಿನಲ್ಲಿ ತೆಂಗಿನ ಮರಗಳ ಕೆಳಗಿನ ಒಂಬತ್ತು ಮನೆ. ಎಲ್ಲವೂ ಬಿದಿರಿನವು, ನಿಪಾ ತಾಳೆಯ ಗರಿಯ ಹೊದಿಕೆಯವು, ಕಂಬದ ಮೇಲೆ ನಿಂತವು. ನೀರು ಇಳಿದಾಗ ಹೆಂಗಸರು ಬಂಡೆಗಳಿಂದ ಸಿಂಪಿ ಕೆತ್ತುತ್ತಾರೆ. ಅಂಗಾಲು ಕುಯ್ದುಕೊಳ್ಳುತ್ತದೆ, ಉಪ್ಪುನೀರು ಉರಿಯುತ್ತದೆ, ಹೊಟ್ಟೆ ತುಂಬುತ್ತದೆ. ಗಂಡಸರು ಕಾಯಿ ಕೆಡವಿ, ಸುಲಿದು, ಹೊಗೆಯಲ್ಲಿ ಕೊಬ್ಬರಿ ಒಣಗಿಸುತ್ತಾರೆ. ಜಾಗ ಕಾಗದದಲ್ಲಿ ಸೆನ್ಯೋರ್ ಅನ್ಸೆಲ್ಮೋನದು. ಈಗ ಅಲ್ಲಿ ಹೋಟೆಲು ಬರುತ್ತದೆ. ಪರದೇಶದವರು ಬಂದು ಬಿಸಿಲು ಕಾಯಿಸಿಕೊಳ್ಳುತ್ತಾರಂತೆ. ನಮಗೆ ಎರಡು ಮೈಲಿ ಒಳಗಿರುವ ಕಲ್ಲುಗುಡ್ಡ. ಅಲ್ಲಿ ಸಿಂಪಿ ಇಲ್ಲ, ತೆಂಗು ಇಲ್ಲ, ಕುಡಿಯುವ ನೀರೂ ಇಲ್ಲ. ಒಂಬತ್ತು ಮನೆಯೂ ಎದ್ದ ಮೇಲೆ ಜಾಗಕ್ಕೆ ಬೇಲಿ ಹಾಕುತ್ತಾರೆ. ಬೇಲಿ ಹಾಕಿದ ಮೇಲೆ ಸಮುದ್ರಕ್ಕೆ ಇಳಿಯಲು ದಾರಿಯಿಲ್ಲ. ಇದು ಒಂಬತ್ತು ಮನೆಯವರಿಗೂ ಗೊತ್ತಿತ್ತು. ಗೊತ್ತಿದ್ದೂ ಎಂಟು ಮನೆ ಹೊತ್ತರು.

ಹೇಗೆ ಹೊತ್ತರು ಎಂದು ಕೇಳಿ.

ಸೆನ್ಯೋರ್ ಪೊಲೀಸರನ್ನು ಕರೆತರಲಿಲ್ಲ. ಹಂದಿ ಸುಡಿಸಿಕೊಂಡು ಬಂದ. ನಮ್ಮ ಪುಟ್ಟ ಇಗರ್ಜಿಯಲ್ಲಿ ನಮ್ಮ ಜೊತೆ ಅದೇ ಬೆಂಚಿನ ಮೇಲೆ ಕೂತ. ಒಬ್ಬೊಬ್ಬರನ್ನೂ ಕುಂಪಾರೆ ಎಂದು ಕರೆದ. ಮಗುವಿನ ಜ್ಞಾನಸ್ನಾನದ ದಿನ ಅದನ್ನು ಎತ್ತಿಕೊಂಡು ನಿಂತವನೂ ಮಗುವಿನ ಅಪ್ಪನೂ ಒಬ್ಬರಿಗೊಬ್ಬರು ಕುಂಪಾರೆ. ರಕ್ತಸಂಬಂಧಕ್ಕಿಂತ ಒಂದು ಕೈ ಮೇಲು. ತಾಲಬಾಹಾನ್‌ನ ಅರ್ಧಕ್ಕರ್ಧ ಮಕ್ಕಳನ್ನು ಅವನೇ ಎತ್ತಿಕೊಂಡು ನಿಂತಿದ್ದ. ಬೇರೆ ಜಮೀನುದಾರರು ಬುಲ್ಡೋಜರ್ ಬಿಡ್ತಾರೆ, ನಾನು ಅಂಥವನಲ್ಲ ಎಂದ. ಮನೆ ಮುರಿಸುವುದಿಲ್ಲ ಎಂದ. ನಮ್ಮ ಹಿರಿಯರು ಒಬ್ಬರ ಮನೆಯನ್ನು ಇನ್ನೊಬ್ಬರು ಹೊತ್ತು ಸಾಗಿಸುತ್ತಿದ್ದರಲ್ಲ, ಅದೇ ಪದ್ಧತಿಯಲ್ಲಿ ಮರ್ಯಾದೆಯಿಂದ ಹೋಗೋಣ ಎಂದ. ಯಾರಿಗಾದರೂ ಏನಾದರೂ ಹೇಳುವುದಿದೆಯೇ ಎಂದು ಕೇಳಿದ. ಯಾರೂ ಕೆಮ್ಮಲಿಲ್ಲ. ಅವನ ಹಂದಿ ನಮ್ಮ ಬಾಯಲ್ಲಿತ್ತು. ದಾಲ್ಮಾಸಿಯೋ ಒಬ್ಬ ಎದ್ದು ನಿಂತು, ನೋಡೋಣ ಸೆನ್ಯೋರ್ ಎಂದ. ಅವನ ಪ್ರಕಾರ ಅದೇ ದೊಡ್ಡ ಧೈರ್ಯ. ಸೆನ್ಯೋರ್ ಅದನ್ನು ಒಪ್ಪಿಗೆ ಎಂದೇ ತೆಗೆದುಕೊಂಡು ಎದ್ದು ಬಂದು ಅವನನ್ನು ಅಪ್ಪಿಕೊಂಡ. ಅಲ್ಲಿಗೆ ಮುಗಿಯಿತು.

ದಾಲ್ಮಾಸಿಯೋನ ಕೊರಳಿಗೆ ಇನ್ನೊಂದು ಹಗ್ಗವೂ ಇತ್ತು. ಇಪ್ಪತ್ತೆರಡು ವರ್ಷದ ಹಿಂದೆ ನಿಂಫಾಗೆ ಹೆರಿಗೆ ಕಷ್ಟವಾಗಿ ಮಗು ಅಡ್ಡ ನಿಂತಾಗ ಸೆನ್ಯೋರನ ಜೀಪು ಅವಳನ್ನು ಆಸ್ಪತ್ರೆಗೆ ಮುಟ್ಟಿಸಿತು. ತಾಯಿ ಉಳಿದಳು. ಮಗು ಉಳಿಯಿತು. ಮಗುವಿಗೆ ಅನ್ಸೆಲ್ಮಾ ಎಂದು ಹೆಸರಿಟ್ಟರು. ಅವತ್ತಿನಿಂದ ಸೆನ್ಯೋರನ ಮನೆಯ ಚಾವಣಿ ಸೋರಿದರೆ ದಾಲ್ಮಾಸಿಯೋ ಹತ್ತಬೇಕು. ಹಬ್ಬಕ್ಕೆ ಹಂದಿ ಕಡಿಯಬೇಕು. ಕಕ್ಕಸಿನ ಗುಂಡಿ ತುಂಬಿದರೆ ಇಳಿಯಬೇಕು. ಇಳಿದಿದ್ದಾನೆ. ಕೂಲಿ ಕೊಡಲು ಬಂದರೆ ಕೈ ಹಿಂದಕ್ಕೆ ಕಟ್ಟಿಕೊಳ್ಳುತ್ತಿದ್ದ, ಅಯ್ಯೋ ನಿಮ್ಮ ಋಣ ತೀರಿಸೋಕಾಗುತ್ತಾ ಎನ್ನುತ್ತಿದ್ದ. ಹನ್ನೆರಡು ತುಂಬಿದಾಗ ಅನ್ಸೆಲ್ಮಾಳನ್ನೂ ಆ ಮನೆಯ ಅಡುಗೆ ಕೆಲಸಕ್ಕೆ ಕೊಟ್ಟ. ಸೆನ್ಯೋರ್ ಕೇಳಿರಲಿಲ್ಲ. ಇವನೇ ಕರೆದುಕೊಂಡು ಹೋಗಿ ಬಿಟ್ಟುಬಂದ. ಆ ದಿನ ನಿಂಫಾ ಅವನ ಜೊತೆ ಮಾತು ಬಿಟ್ಟಳು, ಒಂದು ವರ್ಷ ಆಡಲಿಲ್ಲ.

"ಬದುಕಿದ್ದು ನಾನು" ಎಂದಳು ಈಗ, ಅಂಗಿಯ ಕೊನೆಯ ತುಂಡು ಕಿತ್ತು. "ಋಣ ಇದ್ರೆ ಅದು ನಂದು. ತೀರಿತು ಅಂತ ನಾನು ಹೇಳ್ತಾ ಇದೀನಿ. ನಿಂದೇನು ಮಧ್ಯದಲ್ಲಿ?"

ದಾಲ್ಮಾಸಿಯೋ ಎದ್ದು ಬಾಗಿಲಿಗೆ ಹೋದ. ಹೊರಗೆ ಗಂಡಸರು ಬಂದು ನಿಂತಿದ್ದರು.

ಹತ್ತೊಂಬತ್ತು ಜನ, ದಾಲ್ಮಾಸಿಯೋ ಸೇರಿದರೆ ಇಪ್ಪತ್ತು. ಎಲ್ಲರೂ ನೆರೆಹೊರೆಯವರು, ಸಂಬಂಧಿಕರು, ಈಗಾಗಲೇ ತಮ್ಮ ಮನೆ ಕಳೆದುಕೊಂಡವರು. ಮುಂಜಾನೆಯೇ ಗುಡ್ಡದಿಂದ ಇಳಿದು ಬಂದಿದ್ದರು. ಬರುವುದಿಲ್ಲ ಎಂದು ಒಬ್ಬನೂ ಅನ್ನಲಿಲ್ಲ. ನಮ್ಮಲ್ಲಿ ಅದೊಂದಿದೆ. ಯಾರದಾದರೂ ಮನೆ ಏಳಬೇಕು ಎಂದರೆ ಹೆಗಲು ತಂದುಕೊಡುತ್ತಾರೆ. ಜ್ವರ ಇದ್ದರೂ ಬರುತ್ತಾರೆ. ಜಗಳವಾಡಿ ಮಾತುಬಿಟ್ಟವನೂ ಬರುತ್ತಾನೆ. ಇಂಥ ಜನ ಭೂಮಿಯ ಮೇಲೆ ಇನ್ನೆಲ್ಲಿದ್ದಾರೋ ನನಗೆ ಗೊತ್ತಿಲ್ಲ. ಅದೇ ಹೆಗಲನ್ನು ನಮ್ಮ ಮೇಲೆಯೇ ತಿರುಗಿಸಿದ ಸೆನ್ಯೋರನ ಬುದ್ಧಿಗೆ ಏನು ಹೇಳಬೇಕೋ ಅದೂ ಗೊತ್ತಿಲ್ಲ.

ದಾಲ್ಮಾಸಿಯೋನ ಭಾವಮೈದುನ ತೇಬಾನ್ ಎಲ್ಲರಿಗಿಂತ ಮುಂದೆ ನಿಂತಿದ್ದ. ಐವತ್ತೊಂಬತ್ತು ವಯಸ್ಸು. ಹೊಟ್ಟೆಯ ಕೆಳಗೆ ಕರುಳು ಇಳಿದು ಗಂಟಾಗಿತ್ತು. ಅದನ್ನು ಬಟ್ಟೆಯಿಂದ ಬಿಗಿದು ಕಟ್ಟಿಕೊಂಡು ಬಂದಿದ್ದ. ನೀನು ಬೇಡ, ಕೂತ್ಕೋ ಎಂದು ಅಕ್ಕ ನಿಂಫಾ ಎಷ್ಟು ಹೇಳಿದರೂ ಕೇಳಲಿಲ್ಲ. ಭಾವನ ಮನೆ ಏಳುವಾಗ ಕೂತರೆ ಊರು ಏನಂದೀತು ಎಂದ.

ಸೆನ್ಯೋರ್ ಒಂಬತ್ತು ಗಂಟೆಗೆ ಬಂದ. ಜೊತೆಗೆ ಮನಿಲಾದಿಂದ ಕ್ಯಾಮೆರಾದವನು. ಅನ್ಸೆಲ್ಮಾ ಸೆನ್ಯೋರನ ತಲೆಯ ಮೇಲೆ ಛತ್ರಿ ಹಿಡಿದುಕೊಂಡು ಅವನ ಹಿಂದೆ ನಡೆದು ಬಂದಳು. ಅವಳ ನೆತ್ತಿ ಬಿಸಿಲಿನಲ್ಲಿತ್ತು. ತಾನು ಹುಟ್ಟಿದ ಮನೆಯನ್ನು ಒಮ್ಮೆ ನೋಡಿ ಕಣ್ಣು ಕೆಳಗೆ ಹಾಕಿದಳು.

ಇಪ್ಪತ್ತು ಜನಕ್ಕೂ ಬಿಳಿ ಅಂಗಿ ಹಂಚಿದರು. ಎದೆಯ ಮೇಲೆ ಹೋಟೆಲಿನ ಗುರುತು, ಬೆನ್ನ ಮೇಲೆ ಒಗ್ಗಟ್ಟೇ ನಮ್ಮ ಗುಣ ಎಂಬ ಬರಹ. ದಾಲ್ಮಾಸಿಯೋ ತೊಟ್ಟುಕೊಂಡ. ಎಣ್ಣೆಯೂ ರಕ್ತವೂ ಕೂಡಲೇ ಬಟ್ಟೆಗೆ ಹತ್ತಿದವು. ಕ್ಯಾಮೆರಾದವನು ನೋಡಿ, ಈತನಿಗೆ ಬೇರೆ ಅಂಗಿ ಕೊಡಿ, ಕಲೆ ಕಾಣುತ್ತೆ ಎಂದ. ಬೇರೆ ಕೊಟ್ಟರು. ಅದಕ್ಕೂ ಹತ್ತಿತು. ಕೊನೆಗೆ ಹೆಗಲ ಮೇಲೊಂದು ಟವೆಲು ಹೊದಿಸಿದರು. ದಾಲ್ಮಾಸಿಯೋ ತಪ್ಪು ತನ್ನದೇ ಎಂಬಂತೆ ಕ್ಷಮೆ ಕೇಳಿದ.

ಮನೆಯ ಕಂಬಗಳನ್ನು ಕಿತ್ತು, ಮನೆಯನ್ನು ಆಸರೆ ಮರಗಳ ಮೇಲೆ ನಿಲ್ಲಿಸಿಯಾಗಿತ್ತು. ನೆಲಹಾಸಿನ ಅಡಿಗೆ ಉದ್ದಕ್ಕೂ ಅಡ್ಡಕ್ಕೂ ದಪ್ಪ ಬೊಂಬು ಕಟ್ಟಿದ್ದರು. ಇಪ್ಪತ್ತು ಜನ ಅದರ ಅಡಿಗೆ ನುಗ್ಗಿ ಹೆಗಲು ಕೊಟ್ಟರು. ಮುಂದಿನ ಎಡಮೂಲೆ ದಾಲ್ಮಾಸಿಯೋನದು. ಅದು ಕೂಗು ಹಾಕುವವನ ಜಾಗ. ಮನೆಯ ಅಡಿಗೆ ಹೊಕ್ಕವನಿಗೆ ಮುಂದಿನವನ ಹಿಮ್ಮಡಿ ಬಿಟ್ಟರೆ ಏನೂ ಕಾಣುವುದಿಲ್ಲ. ದಾರಿ ನೋಡುವವನು ಕೂಗು ಹಾಕುವವನೊಬ್ಬನೇ. ಅವನು ಎತ್ತು ಎಂದರೆ ಎತ್ತಬೇಕು. ತಿರುಗು ಎಂದರೆ ತಿರುಗಬೇಕು. ಯಾಕೆ ಎಂದು ಕೇಳುತ್ತಾ ನಿಂತರೆ ಯಾರದೋ ಬೆನ್ನು ಮುರಿಯುತ್ತದೆ. ಹಾಗಾಗಿ ಬೊಂಬಿನ ಕೆಳಗೆ ವಾದ ಎಂಬುದು ಇಲ್ಲ.

"ಎತ್ತಿ."

ಮನೆ ಎದ್ದಿತು. ಒಳಗೆ ಏನೋ ಉರುಳಿತು.

"ಬಲ. ಎಡ. ಬಲ. ಎಡ. ರುಫೋ, ಸೊಂಟ ಆಡಿಸ್ಬೇಡ, ನಿನ್ನ ಹೆಂಡ್ತಿ ನೋಡ್ತಾ ಇದಾಳೆ."

ಕೆಳಗೆ ಇಪ್ಪತ್ತು ಜನ ಗೊಳ್ಳೆಂದು ನಕ್ಕರು. ಕೂಗು ಹಾಕುವವನು ನಗಿಸಲೇಬೇಕು. ನಗುವಾಗ ಭಾರ ತಿಳಿಯುವುದಿಲ್ಲ. ದಾಲ್ಮಾಸಿಯೋನ ಹಾಗೆ ನಗಿಸುವವನು ಸುತ್ತಮುತ್ತ ಯಾರೂ ಇರಲಿಲ್ಲ. ಎಂಟು ಮನೆಯವರನ್ನೂ ನಗಿಸಿಕೊಂಡೇ ಗುಡ್ಡ ಹತ್ತಿಸಿದ್ದ. ಹೆಂಗಸರು ಮಡಕೆ, ಚಾಪೆ, ಕೋಳಿ ಹಿಡಿದು ಹಿಂದೆ ನಡೆದರು. ಅವರು ಯಾರೂ ನಗಲಿಲ್ಲ.

ಇಗರ್ಜಿ ದಾಟಿದ ಮೇಲೆ ಏರು ಶುರುವಾಗುವ ಕಡೆ ಕ್ಯಾಮೆರಾದವನು ಕೈ ಎತ್ತಿದ. ನಿಲ್ಲಿಸಿ ಎಂದ. ನಿಂತರು. ಇಳಿಸಲೇ ಎಂದು ದಾಲ್ಮಾಸಿಯೋ ಕೇಳಿದ. ಬೇಡ ಬೇಡ, ಹೆಗಲ ಮೇಲೇ ಇರಲಿ, ಅದೇ ಚೆನ್ನ ಎಂದ ಅವನು. ಸೆನ್ಯೋರ್ ಮನೆಯ ಮುಂದೆ ಬಂದು ನಿಂತು ಕ್ಯಾಮೆರಾಕ್ಕೆ ಮುಖ ಕೊಟ್ಟ. ಛತ್ರಿ ಜೊತೆಗೇ ಬಂತು. ನಿಧಾನಕ್ಕೆ ಮಾತು ಶುರು ಮಾಡಿದ. ಫಿಲಿಪಿನೋ ಎಂದರೆ ಬಿದಿರು ಎಂದ, ಬಾಗುತ್ತಾನೆ, ಮುರಿಯುವುದಿಲ್ಲ ಎಂದ. ಬೇರೆ ದೇಶಗಳಲ್ಲಿ ಜಾಗ ಬಿಡಿಸಲು ಹೋದರೆ ಕಲ್ಲು ತೂರುತ್ತಾರೆ, ನಮ್ಮವರು ತಮ್ಮ ಮನೆ ತಾವೇ ಹೊತ್ತು ನಗುನಗುತ್ತಾ ಹೋಗುತ್ತಾರೆ ಎಂದ. ಹಿರಿಯರಿಗೆ ಗೌರವ, ಉಪಕಾರದ ನೆನಪು, ದೇವರ ಮೇಲೆ ಭಾರ, ಇವೇ ನಮ್ಮ ಆಸ್ತಿ ಎಂದ. ಪದ ಮರೆತು ಮತ್ತೆ ಮೊದಲಿನಿಂದ ಶುರು ಮಾಡಿದ.

ಅಷ್ಟು ಹೊತ್ತೂ ಮನೆ ಹೆಗಲ ಮೇಲಿತ್ತು. ನಡೆಯುವಾಗ ಭಾರ ಹಂಚಿಹೋಗುತ್ತದೆ. ನಿಂತಾಗ ಅದು ಬೆನ್ನುಹುರಿಗೆ ಇಳಿಯುತ್ತದೆ. ಟವೆಲಿನ ಅಡಿಯಲ್ಲಿ ದಾಲ್ಮಾಸಿಯೋನ ಹೆಗಲು ಬಾಯಿ ತೆರೆದಿತ್ತು. ಅವನ ಹಿಂದೆಯೇ ತೇಬಾನ್. ಅವನ ಉಸಿರು ದಾಲ್ಮಾಸಿಯೋನ ಕತ್ತಿಗೆ ಬಡಿಯುತ್ತಿತ್ತು. ಸ್ವಲ್ಪ ಹೊತ್ತಿಗೆ ಆ ಉಸಿರು ಬದಲಾಯಿತು. ಕಾಲಿನ ಬಳಿ ಬಿಸಿಯಾಗಿ ಏನೋ ಸಿಡಿಯಿತು. ದಾಲ್ಮಾಸಿಯೋ ಕೆಳಗೆ ನೋಡಿದ. ತೇಬಾನನ ಕಾಲುಗಳ ನಡುವೆ ಮಣ್ಣು ನೆನೆಯುತ್ತಿತ್ತು. ಅವನಿಗೆ ತಡೆದುಕೊಳ್ಳಲು ಆಗಿರಲಿಲ್ಲ.

ಯಾರೂ ನೋಡಲಿಲ್ಲ ಎಂಬಂತೆ ಎಲ್ಲರೂ ನೋಡಿದರು. ಹಿಂದಿನಿಂದ ಯಾರೋ, ಮನೆ ಸೋರ್ತಾ ಇದೆ, ಹೊದಿಕೆ ಬದಲಾಯಿಸಬೇಕು ಎಂದರು. ಮರ್ಯಾದೆ ಉಳಿಸಲು ಹೇಳಿದ ಮಾತು ಅದು. ಕೆಳಗೆ ನಗು ಹರಡಿತು. ತೇಬಾನ್ ಎಲ್ಲರಿಗಿಂತ ಜೋರಾಗಿ ನಕ್ಕ. ನಗುತ್ತಲೇ ಅವನ ಕಣ್ಣಿನಿಂದ ನೀರು ಇಳಿಯಿತು.

ಆ ನಗುವನ್ನು ಕೇಳಿ ದಾಲ್ಮಾಸಿಯೋನಿಗೆ, ಇಷ್ಟು ವರ್ಷ ತಾನು ನಗಿಸಿದ್ದು ಇದಕ್ಕೇ ಏನು ಎನ್ನಿಸಿತು.

ಸೆನ್ಯೋರನ ಮಾತು ಮುಗಿಯಿತು. ಕ್ಯಾಮೆರಾದವನು ತಲೆ ಕೆರೆದುಕೊಂಡ. ತುಂಬಾ ಚೆನ್ನಾಗಿ ಬಂತು, ಆದರೆ ನಡೆದು ಬರುವಾಗ ಬಿಸಿಲು ಎದುರಿಗಿತ್ತು, ಮುಖ ಕಾಣಲಿಲ್ಲ ಎಂದ. ಅಗೋ ಆ ಬಾಗಿದ ತೆಂಗಿನ ಮರದ ತನಕ ಹಿಂದೆ ಹೋಗಿ ಇನ್ನೊಂದು ಸಲ ಬನ್ನಿ, ಈ ಸಲ ಎಲ್ಲರೂ ನಗಬೇಕು ಎಂದ.

ತೇಬಾನ್ ಮೆಲ್ಲಗೆ ಹೇಳಿದ. "ಭಾವ, ನನ್ನ ಕೈಲಿ ಆಗಲ್ಲ."

ಅರವತ್ತು ಹತ್ತಿರವಾದ ಆ ಮನುಷ್ಯ ಜೀವಮಾನದಲ್ಲಿ ಮೊದಲ ಸಲ ಆಡಿದ ಮಾತು ಅದು.

"ಗೊತ್ತು" ಎಂದ ದಾಲ್ಮಾಸಿಯೋ. "ಇನ್ನೊಂದು ಚೂರು ತಡ್ಕೋ." ಆಮೇಲೆ ಗಂಟಲೆತ್ತಿ ಕೂಗಿದ. "ತಿರುಗಿ. ಹಿಂದಕ್ಕೆ. ಬಲ. ಎಡ."

ಮನೆ ತಿರುಗಿತು. ಇಳಿಜಾರು. ಹೆಜ್ಜೆ ಹಗುರವಾಯಿತು. ಇಗರ್ಜಿ ಹಿಂದೆ ಸರಿಯಿತು. ಬಾಗಿದ ತೆಂಗಿನ ಮರ ಬಂತು. ಕ್ಯಾಮೆರಾದವನು ಸಾಕು ಎಂದು ಕೂಗಿದ.

ದಾಲ್ಮಾಸಿಯೋನ ಬಾಯಿಯಿಂದ ಮುಂದಿನ ಮಾತು ನಿಲ್ಲಿ ಎಂದು ಬರಬೇಕಿತ್ತು. ಬರಲಿಲ್ಲ. ಬಲ ಎಂದು ಬಂತು. ಎಡ ಎಂದು ಬಂತು. ಮರ ಹಿಂದೆ ಬಿತ್ತು. ಅವನಿಗೇ ಹೆದರಿಕೆಯಾಯಿತು. ಆದರೂ ಕೂಗಿದ. ಬಲ. ಎಡ. ತಮಾಷೆಯಿಲ್ಲ, ಹಾಡಿಲ್ಲ, ಬರೀ ಹೆಜ್ಜೆ. ಕೆಳಗಿದ್ದವರು ನಗುವುದನ್ನು ನಿಲ್ಲಿಸಿದರು. ಅವರಿಗೆ ದಾರಿ ಕಾಣುತ್ತಿರಲಿಲ್ಲ. ಆದರೆ ಕಾಲಿನ ಕೆಳಗೆ ಕಲ್ಲು ಹೋಗಿ ಮರಳು ಬಂದದ್ದು ತಿಳಿಯಿತು. ಒಬ್ಬನೂ ಯಾಕೆ ಎಂದು ಕೇಳಲಿಲ್ಲ.

ಸೆನ್ಯೋರ್ ಓಡುತ್ತಾ ಬಂದ. ದಪ್ಪ ಮೈ, ಏದುಸಿರು. ಪಕ್ಕದಲ್ಲೇ ಅನ್ಸೆಲ್ಮಾ, ಛತ್ರಿ ಅವನ ತಲೆಯಿಂದ ತಪ್ಪದಂತೆ ಕೈ ಚಾಚಿಕೊಂಡು ಓಡುತ್ತಿದ್ದಳು. ಅದು ದಾಲ್ಮಾಸಿಯೋನ ಕಣ್ಣಿಗೆ ಬಿತ್ತು. ಅಪ್ಪನ ಮನೆ ಹೋಗುತ್ತಿದ್ದರೂ ಧಣಿಯ ನೆರಳು ಕಾಯುವ ಮಗಳು. ಅವಳನ್ನು ಹಾಗೆ ಮಾಡಿದವನು ತಾನೇ.

"ಕುಂಪಾರೆ, ಇಷ್ಟು ದೂರ ಬೇಡ. ನಿಲ್ಸು" ಎಂದ ಸೆನ್ಯೋರ್. ಇನ್ನೂ ನಗುತ್ತಿದ್ದ.

ಬಲ. ಎಡ.

ನಗು ಹೋಯಿತು. ಆದರೆ ಅವನು ಬೈಯಲಿಲ್ಲ. ಬೈದಿದ್ದರೆ ಸುಲಭವಿತ್ತು. ಒಬ್ಬೊಬ್ಬರ ಹೆಸರು ಹಿಡಿದು ಕರೆಯತೊಡಗಿದ. ಕುಂಪಾರೆ ರುಫೋ, ನಿನ್ನ ಮಗನನ್ನು ಕಾಲೇಜಿಗೆ ಸೇರಿಸಿದವನು ಯಾರು ಎಂದ. ಕುಂಪಾರೆ ಇಸ್ಕೋ, ನಿಮ್ಮಪ್ಪನ ಶವಪೆಟ್ಟಿಗೆ ಎಲ್ಲಿಂದ ಬಂತು ಎಂದ. ರುಫೋ ಬೊಂಬಿನಿಂದ ಜಾರಿದ. ತಲೆ ತಗ್ಗಿಸಿ ದಾರಿಯ ಪಕ್ಕ ನಿಂತ. ಇಸ್ಕೋ ಜಾರಿದ. ಇನ್ನೂ ಇಬ್ಬರು ಹೋದರು. ಮನೆ ಎಡಕ್ಕೆ ವಾಲಿತು. ಅಷ್ಟೂ ಭಾರ ದಾಲ್ಮಾಸಿಯೋನ ಮೂಲೆಗೆ ಬಂತು. ಹೆಗಲಲ್ಲಿ ಏನೋ ಲಟಕ್ಕೆಂದಿತು. ಒಂದು ಮೊಣಕಾಲು ಮರಳಿಗೆ ತಾಗಿತು.

ನಿಂಫಾ ಕೈಯಲ್ಲಿದ್ದ ಮಡಕೆಯನ್ನು ದಾರಿಯಲ್ಲೇ ಇಟ್ಟಳು. ಹಳೇ ಅಂಗಿ, ಮೊಣಕಾಲಿನ ತನಕ ಲಂಗ. ರುಫೋ ಬಿಟ್ಟ ಜಾಗಕ್ಕೆ ನುಗ್ಗಿ ಹೆಗಲು ಕೊಟ್ಟಳು. ನಮ್ಮಲ್ಲಿ ಹೆಂಗಸು ಬೊಂಬಿನ ಕೆಳಗೆ ಹೋದದ್ದನ್ನು ಯಾರೂ ನೋಡಿರಲಿಲ್ಲ. ರುಫೋನ ಹೆಂಡತಿ ಗಂಡನ ಮುಖ ನೋಡಿದಳು. ಚಾಪೆಯ ಸುರುಳಿಯನ್ನು ಅವನ ಕೈಗೆ ತುರುಕಿ ಅವಳೂ ಹೊಕ್ಕಳು. ಇನ್ನೂ ಇಬ್ಬರು ಹೆಂಗಸರು ಬಂದರು.

"ಕೂಗು" ಎಂದಳು ನಿಂಫಾ. "ಸುಮ್ನೆ ಯಾಕೆ ಕೂತೆ?"

ಅವನು ಕೂಗಿದ. ಮನೆ ಎದ್ದಿತು.

ಸಮುದ್ರದ ಅಂಚಿಗೆ ಬಂದಾಗ ಸೆನ್ಯೋರನ ಆಳುಗಳು ಕಂಬದ ಗುಂಡಿಗಳನ್ನು ಮುಚ್ಚಿಬಿಟ್ಟಿದ್ದರು. ಒಂದು ಗಂಟೆಯೂ ಆಗಿರಲಿಲ್ಲ. ಐವತ್ತು ವರ್ಷ ಮನೆ ನಿಂತಿದ್ದ ಜಾಗ ಸಪಾಟಾಗಿತ್ತು. ಕೆಂಪು ಬಟ್ಟೆ ಕಟ್ಟಿದ ಗೂಟಗಳನ್ನು ನೆಟ್ಟಿದ್ದರು. ಇಬ್ಬರು ಕಾವಲುಗಾರರು ಕೋಲು ಹಿಡಿದು ಅಡ್ಡ ನಿಂತರು. ಮನೆ ಅವರ ತಲೆಯ ಮೇಲೆ ಬರುವುದನ್ನು ಕಂಡು ಪಕ್ಕಕ್ಕೆ ಹಾರಿದರು.

"ಇಳಿಸಿ."

ಇಳಿಸಿದರು. ಗೂಟಗಳು ಅಡಿಯಲ್ಲಿ ಮುರಿದವು. ಕಂಬವಿಲ್ಲದ ಮನೆ ನೆಲಕ್ಕೆ ಕುಕ್ಕರಿಸಿ ಒಂದು ಕಡೆ ವಾಲಿತು. ತೇಬಾನ್ ತೆವಳಿಕೊಂಡು ಹೊರಗೆ ಬಂದು ಅಲ್ಲೇ ಮಲಗಿಬಿಟ್ಟ. ಹೊತ್ತವರು ಎದ್ದು ನಿಂತು ಮರಳು ಕೊಡವಿಕೊಂಡರು. ಮಾಡಿದ್ದೇನು ಎಂದು ಆಗ ಅರಿವಾಯಿತು. ಕೆಲವರು ಎರಡು ಹೆಜ್ಜೆ ಹಿಂದೆ ಸರಿದರು. ಅವರನ್ನು ಬೈಯಲು ನನಗೆ ಬಾಯಿಲ್ಲ. ನಾನೂ ಸರಿದೆ.

ಸೆನ್ಯೋರ್ ಬಂದು ಎದುರಿಗೆ ನಿಂತ. ಅವನ ಕಣ್ಣು ಒದ್ದೆಯಾಗಿತ್ತು. ನಾಟಕವಲ್ಲ. ಅವನಿಗೆ ನಿಜವಾಗಿ ನೋವಾಗಿತ್ತು. ಅದೇ ನಮ್ಮನ್ನು ಕೊಲ್ಲುವುದು. ಅವನ ತಲೆಯ ಮೇಲೆ ಛತ್ರಿ ಇನ್ನೂ ಇತ್ತು. ಇಳಿಸಮ್ಮ ಎಂದು ಮಗಳಿಗೆ ಹೇಳಲು ದಾಲ್ಮಾಸಿಯೋನ ನಾಲಿಗೆ ಏಳಲಿಲ್ಲ.

"ಎಲ್ಲರ ಎದುರಿಗೆ ನನ್ನ ಮಾನ ಕಳೆದೆ, ಕುಂಪಾರೆ. ಅವತ್ತು ಜೀಪು ಬರದೇ ಇದ್ದಿದ್ರೆ ನಿನ್ನ ಹೆಂಡ್ತಿ ಎಲ್ಲಿರ್ತಿದ್ದಳು?"

"ಮಣ್ಣಲ್ಲಿ, ಸೆನ್ಯೋರ್. ಮರೆತಿಲ್ಲ. ಸಾಯೋ ತನಕ ಮರೆಯಲ್ಲ."

"ಹಾಗಾದ್ರೆ ಎತ್ತಿಸು."

ದಾಲ್ಮಾಸಿಯೋನ ತಲೆ ಅಭ್ಯಾಸದಂತೆ ತಗ್ಗಿತು. ಆಗಲಿ ಎಂಬ ಮಾತು ಗಂಟಲಿಗೆ ಬಂದೇ ಬಂತು. ಎಡಗೈ ಮೇಲೇಳುತ್ತಿರಲಿಲ್ಲ, ಹೆಗಲ ಮೂಳೆ ಸರಿದಿತ್ತು. ಅವನು ಬಲಗೈಯಿಂದ ಟವೆಲು ಕಿತ್ತು ಕೆಳಗೆ ಹಾಕಿದ. ಬಿಳಿ ಅಂಗಿ ಸೊಂಟದ ತನಕ ಕೆಂಪಾಗಿತ್ತು. ಕ್ಯಾಮೆರಾದವನು ದೂರದಲ್ಲಿ ಕ್ಯಾಮೆರಾ ಕೆಳಗಿಳಿಸಿಕೊಂಡು ನಿಂತಿದ್ದ.

ಸೆನ್ಯೋರ್ ಆಮೇಲೆ ದನಿ ಸಣ್ಣ ಮಾಡಿಕೊಂಡು, ಬುದ್ಧಿ ಹೇಳುವವನ ಹಾಗೆ ಹೇಳಿದ. "ನಾನು ಇಂಥದ್ದು ಮಾಡೋನಲ್ಲ. ನಿನಗೆ ಗೊತ್ತು. ಆದ್ರೆ ಇನ್ನು ನನ್ನ ಕೈಲಿಲ್ಲ. ನಾಳೆ ಪೊಲೀಸ್ನೋರು ಬರ್ತಾರೆ. ಮಷೀನು ಬರುತ್ತೆ."

ದಾಲ್ಮಾಸಿಯೋ ತಲೆ ಎತ್ತಿದ.

"ಬರ್ಲಿ ಸೆನ್ಯೋರ್. ಒಂಬತ್ತೂ ಮನೆ ನಾವೇ ಹೊರ್ಬೇಕಾ? ಇದೊಂದನ್ನ ಅವರು ಹೊರಲಿ."